ತಪ್ಪಿಲ್ಲದ ವಾಕ್ಯಕ್ಕೆ ಒಂದು ಹೂವು

ಅಂಕುಶ ಆ ಸಂಜೆ ಕಳಿಸಿದ ಮೆಸೇಜಿನಲ್ಲಿ ಒಂದೂ ತಪ್ಪಿರಲಿಲ್ಲ. ಯಾರು, ಏನು, ಎಲ್ಲಿ, ಯಾವಾಗ: ನಾನು ಕಲಿಸಿದ ನಾಲ್ಕೂ ಅದರಲ್ಲಿದ್ದವು. 'ಇವತ್ತು ಸಂಜೆ ಅಡುಗೆಮನೆಯಲ್ಲಿ ನಾನು ನನ್ನ ಹೆಂಡತಿಯನ್ನು ಹೊಡೆದೆ.' ಬರೆದದ್ದು ಇಂಗ್ಲಿಷಿನಲ್ಲಿ. ಕೊನೆಯ ಚುಕ್ಕಿಯನ್ನೂ ಮರೆತಿರಲಿಲ್ಲ.

ನಾನು ಊಟಕ್ಕೆ ಕೂತಿದ್ದೆ. ಫೋನು ತಟ್ಟೆಯ ಪಕ್ಕದಲ್ಲಿತ್ತು. ತಪ್ಪಿಲ್ಲದ ವಾಕ್ಯ ಬಂದರೆ ಅದರ ಕೆಳಗೆ ಒಂದು ಕೆಂಪು ಹೂವಿನ ಚಿತ್ರ ಹಾಕುವುದು ನಮ್ಮ ಕ್ಲಾಸಿನ ಪದ್ಧತಿ. ವಾಕ್ಯದ ಅರ್ಥ ತಲೆಗೆ ಇಳಿಯುವ ಮೊದಲೇ ನನ್ನ ಬೆರಳು ಹೂವಿನ ಮೇಲೆ ಹೋಗಿತ್ತು. ಒತ್ತದೆ ಹಾಗೇ ನಿಂತಿತು. ತಂಗಿ ಗಿರಿಜಾಬಾಯಿ ಅನ್ನದ ಪಾತ್ರೆ ಹಿಡಿದುಕೊಂಡು, ಸಾರು ಆರುತ್ತದೆ, ಊಟ ಮಾಡು ಎಂದಳು.

ಜೋಯಿಡಾ ರಸ್ತೆಯಲ್ಲಿ ಕಾಳಿ ನದಿಯ ದಂಡೆಗೆ ಒಂದು ರೆಸಾರ್ಟಿದೆ. ಅದರ ಮ್ಯಾನೇಜರ್ ಮಹಾಬಳೇಶ್ವರ ದಾಂಡೇಲಿಯ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಇಂಗ್ಲಿಷ್ ಕಲಿತವನು. ಮಾಲೀಕರು ಪುಣೆಯವರು, ಸೂಪರ್ವೈಸರ್ ಗೋವಾದವನು, ಅಡುಗೆಭಟ್ಟ ನೇಪಾಳದವನು. ರೂಮು ಒರೆಸುವವರು, ಬಟ್ಟೆ ಒಗೆಯುವವರು, ಜೀಪು ಓಡಿಸುವವರು ಮಾತ್ರ ಇಲ್ಲಿಯವರು. ಹೀಗಾಗಿ ಕೆಲಸದ ಮಾತೆಲ್ಲ ಫೋನಿನಲ್ಲಿ, ಇಂಗ್ಲಿಷಿನಲ್ಲಿ. ನಾಲ್ಕನೇ ರೂಮಿಗೆ ಟಾವೆಲ್ ಬೇಕು, ಬಿಸಿನೀರು ಬರುತ್ತಿಲ್ಲ, ಮಂಗ ಒಳಗೆ ಹೊಕ್ಕಿದೆ. ಇಷ್ಟು ಓದಲು, ಇಷ್ಟು ಬರೆಯಲು ಬಂದರೆ ಸಾಕು ಎಂದು ಮಹಾಬಳೇಶ್ವರ ನನ್ನನ್ನು ಕೇಳಿಕೊಂಡ. ಮಧ್ಯಾಹ್ನ ಪ್ರವಾಸಿಗರು ಉಂಡು ಮಲಗುವ ಹೊತ್ತಿಗೆ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ತಗಡಿನ ಚಪ್ಪರದಲ್ಲಿ, ಗೋಣಿಚೀಲದ ಮೇಲೆ ಕೂತು ಕ್ಲಾಸು ಶುರುವಾಯಿತು.

ಮೊದಲು ನಾಲ್ವರಿದ್ದರು. ಪಾತ್ರೆ ತಿಕ್ಕುವ ಮಾಲವ್ವ ಧಾರವಾಡದ ಕಡೆಯವಳು. ಗಂಡ ಕಾಗದದ ಮಿಲ್ಲಿಗೆ ಬಂದಾಗ ಅವನ ಜೊತೆ ಬಂದವಳು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಬಟ್ಟೆ ಒಗೆಯುವ ಜ್ಯೂಲಿ ಸಿದ್ದಿಯರ ಹುಡುಗಿ, ನೆನೆದ ಚಾದರಗಳ ರಾಶಿಯನ್ನು ಹೂಬುಟ್ಟಿಯಂತೆ ಎತ್ತುವಳು. ಗೇಟು ಕಾಯುವ ಇಮಾಮಸಾಬನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣದು. ಇನ್ನೊಬ್ಬಳು ರೂಮು ಒರೆಸುವ ರುಕ್ಮಾ. ಹೊಸ ಮದುಮಗಳು ಎನ್ನುವಂತೆ ಕಾಣುತ್ತಿದ್ದರೂ ಮದುವೆಯಾಗಿ ವರ್ಷಗಳಾಗಿದ್ದವು. ಅವಳ ಫೋನಿಗೆ ಮೆಸೇಜು ಬಂದರೆ ನೀರಿನ ಹನಿ ಬಿದ್ದಂಥ ಸದ್ದಾಗುತ್ತಿತ್ತು. ಅದನ್ನು ಹಾಕಿಕೊಟ್ಟವಳು ಜ್ಯೂಲಿ.

ಕ್ಲಾಸಿಗೆ ಒಂದೇ ನಿಯಮ. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ, ಆ ದಿನ ನಡೆದ ಒಂದು ನಿಜವಾದ ಸಂಗತಿಯನ್ನು, ಫೋನಿನಲ್ಲಿ ಮಾಡಿಕೊಂಡಿದ್ದ ನಮ್ಮ ಗುಂಪಿಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಉಳಿದವರು ತಲಾ ಒಂದು ಪ್ರಶ್ನೆ ಕೇಳಬೇಕು. ಬರೆದವರು ಪ್ರತಿಯೊಂದಕ್ಕೂ ಉತ್ತರ ಕೊಡಲೇಬೇಕು. ಕನ್ನಡ, ಮರಾಠಿ, ಕೊಂಕಣಿ ಗುಂಪಿನೊಳಗೆ ಬರುವಂತಿಲ್ಲ. ರುಕ್ಮಾಳ ಮೊದಲ ಮೆಸೇಜು ನನಗೆ ನೆನಪಿದೆ. ಎಲ್ಲವನ್ನೂ ಇಲ್ಲಿ ಕನ್ನಡ ಮಾಡಿಯೇ ಹೇಳುತ್ತೇನೆ. 'ನನ್ನ ಕೋಳಿ ಇವತ್ತು ಮೊಟ್ಟೆ ಕೊಟ್ಟಿತು.' ಕೋಳಿಯ ಬಣ್ಣ ಏನು ಎಂದು ಇಮಾಮಸಾಬ ಕೇಳಿದ. ಬಣ್ಣ ಕೇಳುವುದು ಅವರೆಲ್ಲರಿಗೂ ಇಷ್ಟದ ಪ್ರಶ್ನೆ, ಯಾಕೆಂದರೆ ಅದಕ್ಕೆ ಉತ್ತರ ಸುಲಭ. ಕಂದು, ಎಂದು ಬರೆದಳು. ಮೊಟ್ಟೆ ಯಾರು ತಿಂದರು ಎಂದು ಮಾಲವ್ವ ಕೇಳಿದಳು. ಆ ಉತ್ತರ ತಡವಾಗಿ ಬಂತು. 'ಗಂಡ.'

ರುಕ್ಮಾಳ ಮುಂಗೈಯ ಮೇಲೆ ಹಸಿರುಗಟ್ಟಿದ ಕಲೆಗಳಿರುತ್ತಿದ್ದವು. ಒಂದು ದಿನ ಕಿವಿಯ ಹಿಂದೆ ರಕ್ತ ಒಣಗಿತ್ತು. ಅವಳು ಹೇಳುತ್ತಿರಲಿಲ್ಲ, ಉಳಿದವರು ಕೇಳುತ್ತಿರಲಿಲ್ಲ. ಆದರೆ ಅವಳ ಭುಜ ಏಳದ ದಿನ ಅವಳ ಪಾಲಿನ ಆರೂ ರೂಮಿನ ಚಾದರಗಳು ಅವಳು ಮುಟ್ಟುವ ಮೊದಲೇ ಜ್ಯೂಲಿಯ ಹೆಗಲ ಮೇಲೆ ಇರುತ್ತಿದ್ದವು. ಚಹಾ ಸೋಸಿದಾಗ ಮಾಲವ್ವ ಮೊದಲ ಲೋಟವನ್ನು ರುಕ್ಮಾಳ ಮುಂದೆ ಇಟ್ಟು, ಮುಖ ತಿರುಗಿಸಿ ಬೇರೆ ಮಾತಾಡುತ್ತಿದ್ದಳು. ಅವಳು ಅಳುತ್ತ ಬಂದ ಬೆಳಿಗ್ಗೆ ಇಮಾಮಸಾಬ ಗೇಟು ತೆರೆಯಲು ವಿನಾಕಾರಣ ತಡಮಾಡುತ್ತಿದ್ದ, ಕಣ್ಣೊರೆಸಿಕೊಳ್ಳಲಿ ಎಂದು.

ರುಕ್ಮಾಳ ಗಂಡ ಅಂಕುಶ ಬಂದದ್ದು ಆಮೇಲೆ. ಅವನೂ ಅದೇ ರೆಸಾರ್ಟಿನಲ್ಲಿ ಸಫಾರಿ ಜೀಪು ಓಡಿಸುವವನು. ಪ್ರವಾಸಿಗರ ಜೊತೆ ಮಾತಿಗೆ ಇಂಗ್ಲಿಷ್ ಬೇಕು ಎಂದು ಹೇಳಿಕೊಂಡು ಬಂದ. ಹೆಂಡತಿ ಫೋನಿನಲ್ಲಿ ಏನು ಬರೆಯುತ್ತಾಳೆಂದು ತಿಳಿಯಲು ಬಂದ ಎಂದು ಮಾಲವ್ವ ನನ್ನ ಕಿವಿಯಲ್ಲಿ ಹೇಳಿದಳು. ಎರಡೂ ನಿಜವಿರಬೇಕು. ತಿದ್ದಿ ಬಾಚಿದ ಕೂದಲು, ಇಸ್ತ್ರಿ ಮಾಡಿದ ಅಂಗಿ, ನನ್ನನ್ನು ಕಂಡರೆ ಎದ್ದು ನಿಲ್ಲುವ ಮರ್ಯಾದೆ. ಅವನು ಬಂದ ದಿನದಿಂದ ರುಕ್ಮಾ ಕೋಳಿಯ ಬಗ್ಗೆ ಬರೆಯುವುದನ್ನು ಬಿಟ್ಟಳು. 'ನಾಲ್ಕನೇ ರೂಮು ಒರೆಸಿದೆ.' ಅಷ್ಟೆ. ಅವನ ಮೆಸೇಜಿಗೆ ಅವಳು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅವನಷ್ಟು ಬೇಗ ಕಲಿತವರನ್ನು ನಾನು ಕಂಡಿದ್ದು ಕಡಿಮೆ. ಒಂದು ದಿನ ನದಿಯ ಆಚೆ ದಂಡೆಯಲ್ಲಿ ಕಾಡುನಾಯಿಗಳು ಜಿಂಕೆಯೊಂದನ್ನು ಹಿಡಿದಿದ್ದವು. ಪ್ರವಾಸಿಗರನ್ನು ಕರೆದೊಯ್ದು ತೋರಿಸಿ ಬಂದ. ನಾಯಿಗಳು ತಿನ್ನುವಾಗ ಜಿಂಕೆಗೆ ಇನ್ನೂ ಜೀವ ಇತ್ತು, ಕಣ್ಣು ಪಿಳುಕಿಸುತ್ತಿತ್ತು, ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನ್ನನ್ನು ಕೇಳಿದ. ಹೇಳಿಕೊಟ್ಟೆ. ಅಂದು ಸಂಜೆ ಬರೆದ: 'ಇವತ್ತು ಕಾಡುನಾಯಿಗಳು ಜಿಂಕೆಯನ್ನು ಜೀವಂತ ತಿಂದವು. ಗೆಸ್ಟುಗಳಿಗೆ ಖುಷಿ.' ನಾನು ಹೂವು ಹಾಕಿದೆ. ಮರುದಿನ ಆ ಹೂವನ್ನು ಉಳಿದ ಡ್ರೈವರುಗಳಿಗೆ ತೋರಿಸುತ್ತ ಓಡಾಡಿದ.

ಹೆಂಡತಿಯನ್ನು ಹೊಡೆದ ಮೆಸೇಜು ಬಂದಾಗಲೂ ಅವನ ಮನಸ್ಸಿನಲ್ಲಿ ಇದ್ದದ್ದು ಹೂವು ಮಾತ್ರ ಎಂದು ಈಗ ಅನ್ನಿಸುತ್ತದೆ. ಬಸ್ಸು ತಡವಾಯಿತು, ಕೋಳಿ ಮೊಟ್ಟೆಯಿಟ್ಟಿತು, ಹೆಂಡತಿಯನ್ನು ಹೊಡೆದೆ. ದಿನದ ನಿಜವಾದ ಸಂಗತಿ.

ಯಾಕೆ ಎಂದು ಮೊದಲು ಕೇಳಿದವನು ಇಮಾಮಸಾಬ. ವೈ? ಅಂಕುಶ ತಕ್ಷಣ ಬರೆದ: 'ಬೇಳೆಗೆ ಉಪ್ಪಿಲ್ಲ.' ಮಾಲವ್ವ ಕೇಳಿದಳು, ಯಾವುದರಿಂದ? 'ಮೊದಲು ಕೈ. ನಂತರ ಬೆಲ್ಟು.' ಜ್ಯೂಲಿ ಕೇಳಿದಳು, ಈಗ ಎಲ್ಲಿದ್ದಾಳೆ? 'ಒಲೆ ಮುಂದೆ. ಭಕ್ಕರಿ ತಟ್ಟುತ್ತಾಳೆ.'

ನಾನು ಏನನ್ನೂ ಕೇಳಲಿಲ್ಲ. ಹೂವನ್ನೂ ಹಾಕಲಿಲ್ಲ.

ಮರುದಿನ ಚಪ್ಪರದ ಹಿಂದೆ ಅವನನ್ನು ಬದಿಗೆ ಕರೆದು ಕನ್ನಡದಲ್ಲಿ ಕೇಳಿದೆ. ಅವನಿಗೆ ಆಶ್ಚರ್ಯವಾಯಿತು. ಹೊಡೆಯುವುದೆಂಥದು, ಕತ್ತಲಲ್ಲಿ ಬಾಗಿಲು ಬಡಿದಿದೆ, ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮನೆಯಲ್ಲಿ ಒಂದು ಮಾತು ಬರುತ್ತದೆ ಹೋಗುತ್ತದೆ ಎಂದ. ಕಣ್ಣಲ್ಲಿ ಕಣ್ಣಿಟ್ಟು, ಒಂದಿಷ್ಟೂ ತಡವರಿಸದೆ ಹೇಳಿದ. ಗುಂಪಿನಲ್ಲಿ ಬರೆದಿದ್ದೀಯಲ್ಲ ಎಂದೆ. ಅದು ಪಾಠ ಅಲ್ಲವೇ ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ವಾಕ್ಯ ಬರೋಬರ್ ಐತಿ ಅಲ್ರಿ ಟೀಚರ್? ಮತ್ತ ಹೂವ ಯಾಕ ಬರ್ಲಿಲ್ಲ?"

ಆಗ ನನಗೆ ಹೊಳೆಯಿತು. ಕನ್ನಡದಲ್ಲಿ, ಮರಾಠಿಯಲ್ಲಿ ಅವನ ಹತ್ತಿರ ಸುಳ್ಳಿಗೆ ಬೇಕಾದಷ್ಟು ಮಾತಿದ್ದವು. ಸುಳ್ಳು ಹೇಳುವಷ್ಟು ಇಂಗ್ಲಿಷ್ ಅವನಿಗಿನ್ನೂ ಬಂದಿರಲಿಲ್ಲ.

ಅವನನ್ನು ಕ್ಲಾಸಿನಿಂದ ತೆಗೆದುಹಾಕುತ್ತೇನೆ ಎಂದು ಮಾಲವ್ವಳಿಗೆ ಹೇಳಿದೆ. ಅವಳು ಕರಿ ಹಿಡಿದ ಕಡಾಯಿ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹಂಗ ಮಾಡಬ್ಯಾಡ್ರಿ ಅಕ್ಕಾರ. ಅವಾ ಬರೀಲಿ. ಬರದ್ರ ನಮಗ ಗೊತ್ತರ ಆಗ್ತೈತಿ. ಬಿಟ್ಟ ಅಂದ್ರ ಆಕಿ ಸತ್ತ ಮ್ಯಾಲ ಗೊತ್ತಾಗ್ತೈತಿ."

ಮಹಾಬಳೇಶ್ವರನಿಗೂ ಹೇಳಿದೆ. ಅವನು ಅಂಕುಶನನ್ನು ಕರೆದು ಗದರಿಸಿದ. ಅಂಕುಶ ತಲೆ ತಗ್ಗಿಸಿ ಕೇಳಿಸಿಕೊಂಡ. ಆ ರಾತ್ರಿಯ ಫಲ ಮರುದಿನ ರುಕ್ಮಾಳ ಒಡೆದ ಕೆಳತುಟಿಯ ಮೇಲಿತ್ತು. ಪೊಲೀಸರ ಹತ್ತಿರ ಹೋಗೋಣ ಬಾ ಎಂದು ರುಕ್ಮಾಳನ್ನು ಕರೆದೆ. ಅವಳು ಹೆದರಿ ನನ್ನ ಕೈ ಹಿಡಿದುಕೊಂಡಳು. ತವರೂರು ಡ್ಯಾಮಿನ ನೀರಿನಲ್ಲಿ ಮುಳುಗಿದೆ, ಗೋವಾ ರಸ್ತೆಯ ರಾಮನಗರದಲ್ಲಿ ಅಣ್ಣ ಇದ್ದಾನೆ, ಹಿಂದೆ ಹೋದಾಗ ಅವನೇ ತಿರುಗಿ ತಂದು ಬಿಟ್ಟುಹೋದ ಎಂದಳು. "ನಾ ಎಲ್ಲಿಗೆ ಹೋಗ್ಲಿ ಟೀಚರ್ ಬಾಯಿ? ನೀವೂ ಕೇಳಬ್ಯಾಡ್ರಿ. ಕೇಳಿದ್ರ ಮತ್ತ ಹೊಡಿತಾನ."

ಹಾಗಾಗಿ ಅಂಕುಶ ಬರೆಯುತ್ತ ಹೋದ. ನಿತ್ಯವೂ ಹೊಡೆತದ ಮಾತಲ್ಲ. ಟಯರ್ ಪಂಕ್ಚರ್ ಆದದ್ದು, ಅನಮೋಡದ ಚೆಕ್‌ಪೋಸ್ಟಿನಲ್ಲಿ ಗೋವಾದ ಗಾಡಿಗಳ ಸಾಲು ನಿಂತದ್ದು, ಗೆಸ್ಟಿನ ಟೊಪ್ಪಿಗೆ ನೀರಿಗೆ ಬಿದ್ದದ್ದು. ನಡುವೆ, ಅದೇ ಶಾಂತವಾದ ವಾಕ್ಯದಲ್ಲಿ: 'ನಾನು ಅವಳ ಕೂದಲು ಹಿಡಿದೆ. ಗೋಡೆಗೆ ಹಾಕಿದೆ.' 'ನಾನು ಅವಳ ಕೈ ಮೇಲೆ ನಿಂತೆ. ಶೂ ಇತ್ತು.' ಪ್ರಶ್ನೆಗಳು ಹೋಗುತ್ತಿದ್ದವು, ಉತ್ತರಗಳು ಬರುತ್ತಿದ್ದವು. ರಕ್ತ ಬಂತೇ? ಊಟ ಮಾಡಿದಳೇ? ಈಗ ನಿಂತಿದ್ದಾಳೋ, ಮಲಗಿದ್ದಾಳೋ? ಮಾಲವ್ವ, ಜ್ಯೂಲಿ, ಇಮಾಮಸಾಬ ಮೂವರೂ ಕೇಳಬೇಕಾದ್ದನ್ನು ಕೇಳಲೆಂದೇ ಹೊಸ ಶಬ್ದಗಳನ್ನು ನನ್ನಿಂದ ಕಲಿತರು. ಊತ, ಮುರಿತ, ಉಸಿರು. ಟಾವೆಲ್ಲು, ಬಿಸಿನೀರುಗಳ ಪಾಠ ಹಿಂದೆ ಬಿತ್ತು. ಮರುದಿನ ರುಕ್ಮಾ ಬರುವ ಹೊತ್ತಿಗೆ ಯಾವ ಕೈಗೆ ಕೆಲಸ ಕೊಡಬಾರದು ಎಂಬುದು ಜ್ಯೂಲಿಗೆ ಮೊದಲೇ ತಿಳಿದಿರುತ್ತಿತ್ತು. ಮಾಲವ್ವ ಅರಿಶಿನ ಕಾಯಿಸಿ ಬಟ್ಟಲಲ್ಲಿ ಮುಚ್ಚಿಟ್ಟಿರುತ್ತಿದ್ದಳು.

ನಾನು ಹೂವು ಹಾಕುತ್ತಿದ್ದೆ. ಹಾಕದಿದ್ದ ದಿನ ಅವನು ಬರೆಯುವುದನ್ನು ನಿಲ್ಲಿಸಿದ್ದ, ಮೂರು ಸಂಜೆ ಗುಂಪು ಕುರುಡಾಗಿತ್ತು. ಮತ್ತೆ ಹಾಕಿದೆ, ಮತ್ತೆ ಬರೆದ. ಒತ್ತಿದ ಮೇಲೆ ಸೆರಗಿಗೆ ಬೆರಳು ಒರೆಸಿಕೊಳ್ಳುವುದು ಅಭ್ಯಾಸವಾಯಿತು. ಗಿರಿಜಾಬಾಯಿ ಅದನ್ನು ನೋಡಿ ಕೈತೊಳೆಯಲು ನೀರು ತಂದಿಡುತ್ತಿದ್ದಳು.

ಆಮೇಲೆ ಕೋಳಿಯ ಮೆಸೇಜು ಬಂತು.

'ಇವತ್ತು ನಾನು ಕಂದು ಕೋಳಿಯನ್ನು ಕೊಂದೆ. ಕಾಲಿನಿಂದ. ರುಕ್ಮಾ ನೋಡಿದಳು.'

ನಾವು ಯಾರೂ ಪ್ರಶ್ನೆ ಬರೆಯುವ ಮೊದಲೇ ಅದರ ಕೆಳಗೆ ಒಂದು ಪ್ರಶ್ನೆ ಬಂತು. ಒಂದೇ ಶಬ್ದ. ವೈ? ಕಳಿಸಿದವರ ಹೆಸರು ನೋಡಿದೆ. ರುಕ್ಮಾ. ಅದೇ ಮನೆಯಲ್ಲಿ, ಬಹುಶಃ ಅವನಿಂದ ಒಂದು ಗೋಡೆಯಾಚೆ ಕೂತು ಕಳಿಸಿದ್ದಳು. ಗಂಡನಿಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಉತ್ತರ ಬರಲಿಲ್ಲ. ಗುಂಪಿಗೆ ಸೇರಿದ ಮೇಲೆ ಅಂಕುಶ ಉತ್ತರ ಕೊಡದೆ ಬಿಟ್ಟದ್ದು ಅದೊಂದನ್ನೇ. ಅವಳಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಬೆಳಿಗ್ಗೆ ರುಕ್ಮಾ ಕೆಲಸಕ್ಕೆ ಬರಲಿಲ್ಲ. ಅಂಕುಶ ಬಂದ. ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಅವಳೆಲ್ಲಿ ಎಂದು ಇಮಾಮಸಾಬ ಗೇಟಿನಲ್ಲಿ ಕೇಳಿದ್ದಕ್ಕೆ, ಅಣ್ಣನ ಮನೆಗೆ ರಾಮನಗರಕ್ಕೆ ಹೋಗಿದ್ದಾಳೆ, ಮುಂಜಾನೆಯ ಬಸ್ಸಿಗೆ ತಾನೇ ಹತ್ತಿಸಿದೆ ಎಂದನಂತೆ. ಕ್ಲಾಸಿಗೆಂದು ರೆಸಾರ್ಟಿನವರು ಕಳಿಸುವ ಜೀಪಿನಿಂದ ನಾನು ಇಳಿಯುವಾಗ ಇಮಾಮಸಾಬ ಬಾಗಿಲು ಹಿಡಿದು ನಿಂತು ಇಷ್ಟನ್ನು ಹೇಳಿದ. ತನಗೆ ನಂಬಿಕೆಯಿಲ್ಲ ಎಂದೂ ಹೇಳಿದ.

ಎಲ್ಲರೂ ಚೀಲದ ಮೇಲೆ ಕೂತರು. ಅಂಕುಶ ಎದುರಿಗೆ, ಕಾಲು ಮಡಿಸಿ, ಫೋನು ಕೈಯಲ್ಲಿ ಹಿಡಿದು. ಬೆಳಗಿನ ಸಂಗತಿಯನ್ನು ಇಲ್ಲೇ ಕೂತು ಬರೆಯಿರಿ, ಮಾತಾಡುವಂತಿಲ್ಲ ಎಂದು ಗುಂಪಿಗೆ ಬರೆದು ಕಳಿಸಿದೆ. ಎಲ್ಲರ ಫೋನೂ ಸದ್ದು ಮಾಡಿದವು. ಅದರ ಜೊತೆ, ಅಂಕುಶನ ಪ್ಯಾಂಟಿನ ಜೇಬಿನಿಂದ, ನೀರಿನ ಹನಿ ಬಿದ್ದ ಸದ್ದು.

ಮಾಲವ್ವ ನನ್ನ ಮುಖ ನೋಡಿದಳು. ಅಂಕುಶ ಜೇಬಿನ ಮೇಲೆ ಅಂಗೈ ಒತ್ತಿಕೊಂಡು, ಗಡಿಬಿಡಿಯಲ್ಲಿ ಫೋನು ಮರೆತು ಹೋಗಿದ್ದಾಳೆ ಎಂದು ನಕ್ಕ. ಕನ್ನಡ ಬೇಡ, ಬರೆ ಎಂದು ನಾನು ಸನ್ನೆ ಮಾಡಿದೆ.

ಅವನು ಬರೆದ. ಯಾವಾಗಲೂ ಮೊದಲು ಮುಗಿಸುವವನು ಅವನೇ. 'ಇವತ್ತು ಬೆಳಿಗ್ಗೆ ನಾನು ಹೆಂಡತಿಯನ್ನು ಕಟ್ಟಿಗೆಯಿಂದ ಹೊಡೆದೆ.' ಬರೆದು ತಲೆಯೆತ್ತಿ ನನ್ನ ಕೈಯನ್ನೇ ನೋಡುತ್ತ ಕೂತ. ನಾನು ಹೂವು ಹಾಕಿದೆ. ಅವನ ಮುಖ ಸಡಿಲವಾಯಿತು.

ಅಂಥ ಮಧ್ಯಾಹ್ನವನ್ನು ನಾನು ಮತ್ತೆಂದೂ ಕಂಡಿಲ್ಲ. ಐದು ಜನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದೆವು, ಯಾರ ಬಾಯಲ್ಲೂ ಮಾತಿಲ್ಲ. ಬೆರಳುಗಳು ಮಾತ್ರ ಓಡುತ್ತಿದ್ದವು. ಪ್ರತಿ ಮೆಸೇಜಿಗೂ ಅವನ ಜೇಬಿನಲ್ಲಿ ಹನಿ ಬೀಳುತ್ತಿತ್ತು.

ಇಮಾಮಸಾಬ: ಎಲ್ಲಿ ಹೊಡೆದೆ?

'ಮನೆಯ ಹಿಂದೆ. ತಲೆ. ಕೈ.'

ಮಾಲವ್ವ: ಅವಳು ಈಗ ಎಲ್ಲಿ?

ಅವನು ತುಸು ಯೋಚಿಸಿದ. ರಾಮನಗರ ಎಂದು ಬರೆದರೆ ಬಸ್ಸು, ಹೊತ್ತು, ಯಾರ ಜೊತೆ ಎಂದು ಇಂಗ್ಲಿಷಿನಲ್ಲಿ ಕಟ್ಟಬೇಕು, ಮತ್ತೆ ಪ್ರಶ್ನೆಗಳು ಬರುತ್ತವೆ. ಇಷ್ಟು ದಿನ ಬರೆದದ್ದಕ್ಕೆ, ಒಂದು ಗದರಿಕೆ ಬಿಟ್ಟರೆ, ಯಾರೂ ಏನೂ ಮಾಡಿರಲಿಲ್ಲ. ಇದ್ದದ್ದನ್ನೇ ಬರೆದ. 'ಕಟ್ಟಿಗೆ ಕೋಣೆ.'

ಜ್ಯೂಲಿ: ಬಾಗಿಲು ತೆರೆದಿದೆಯೇ?

'ಇಲ್ಲ. ಬೀಗ.'

ಜ್ಯೂಲಿ ಎದ್ದಳು. ಒಗೆದ ಚಾದರವೊಂದನ್ನು ಹೆಗಲ ಮೇಲೆ ಹಾಕಿಕೊಂಡು, ಒಣಗಲು ಹಾಕುವವಳಂತೆ ಹೊರಟಳು. ಕಟ್ಟೆಯ ಕಲ್ಲು ಸರಿಸಲು ಇಟ್ಟಿದ್ದ ಕಬ್ಬಿಣದ ಹಾರೆಯನ್ನು ಚಾದರದ ಮಡಿಕೆಯಲ್ಲಿ ತೆಗೆದುಕೊಂಡಳು. ಗೇಟಿನ ಬಳಿ ತರಕಾರಿ ಇಳಿಸಿದ ಟೆಂಪೊ ಹೊರಡುತ್ತಿತ್ತು. ಅದರ ಡ್ರೈವರ್ ಶಿವಲಿಂಗನಿಗೆ ಏನು ಹೇಳಿದಳೋ, ಅವನು ಕಾರಣ ಕೇಳದೆ ಅವಳನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡ. ಗೇಟು ತೆರೆಯಲೆಂದು ಇಮಾಮಸಾಬನೂ ಎದ್ದು ಹೋದ. ಅಂಕುಶ ತಲೆ ಎತ್ತಲಿಲ್ಲ. ನನ್ನ ಪ್ರಶ್ನೆ ಬಂದಿತ್ತು.

ಅವಳು ಮಾತಾಡುತ್ತಿದ್ದಾಳೆಯೇ?

'ಬೆಳಿಗ್ಗೆ ಮಾತು. ಈಗ ಗೊತ್ತಿಲ್ಲ.'

ಟಿಂಬರ್ ಡಿಪೊದ ಹಿಂದಿನ ಓಣಿಯಲ್ಲಿ ಅವರ ಮನೆ. ಟೆಂಪೊ ಅಲ್ಲಿ ಮುಟ್ಟುವವರೆಗೆ ಅವನು ಇಲ್ಲಿ ಕೂತು ಬರೆಯುತ್ತಿರಬೇಕು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಯಾವ ಸೀರೆ ಉಟ್ಟಿದ್ದಾಳೆ, ನೀರು ಕೊಟ್ಟೆಯಾ, ಮಳೆ ಬಂದರೆ ಆ ಕೋಣೆ ಸೋರುತ್ತದೆಯೇ ಎಂದು ಕೇಳಿದೆ. ಹಸಿರು. ಇಲ್ಲ. ಸೋರುತ್ತದೆ. ಒಂದೊಂದಕ್ಕೂ ಹೂವು. ಟೆಂಪೊದೊಳಗಿನಿಂದ ಜ್ಯೂಲಿಯ ಪ್ರಶ್ನೆ ಬಂತು: ಬಾಗಿಲಿನ ಬಣ್ಣ ಏನು? ಅಂಕುಶ ನಸುನಕ್ಕ, ಇಷ್ಟು ಸುಲಭದ್ದೇ ಎನ್ನುವಂತೆ. 'ನೀಲಿ.'

ಆಗ ಮಾಲವ್ವ ಕೇಳಿದಳು. ವೈ?

ಅದು ಹೊತ್ತು ಕಳೆಯುವ ಪ್ರಶ್ನೆಯಾಗಿರಲಿಲ್ಲ. ತಡೆಯಲಾರದೆ ಕೇಳಿದ್ದಳು. ಅಂಕುಶ ಬರೆದ, ಅಳಿಸಿದ, ಮತ್ತೆ ಬರೆದ. ಹಣೆಯ ಮೇಲೆ ಬೆವರು ಬಂತು. ಪರೀಕ್ಷೆಯಲ್ಲಿ ಒಂದು ಉತ್ತರ ಹೊಳೆಯದ ಹುಡುಗನ ಮುಖ. ಕೊನೆಗೆ ಕಳಿಸಿದ.

'ಅವಳು ವೈ ಎಂದು ಕೇಳಿದಳು.'

ಕಳಿಸಿ ತಲೆಯೆತ್ತಿದ. ಹೂವು ಬರಲಿಲ್ಲ. ಈ ಸಲ ನನ್ನ ಬೆರಳು ಏಳಲಿಲ್ಲ. ಅವನು ನನ್ನನ್ನು ನೋಡಿದ, ಮಾಲವ್ವಳನ್ನು ನೋಡಿದ, ಜ್ಯೂಲಿಯ ಖಾಲಿ ಚೀಲವನ್ನು ನೋಡಿದ.

ಎದ್ದವನೇ ನನ್ನನ್ನು ಕಾಲಿನಿಂದ ಬದಿಗೆ ತಳ್ಳಿದ. ಕಟ್ಟೆಯ ಅಂಚು ನನ್ನ ಮೊಣಕೈಗೆ ಬಡಿಯಿತು. ಜೀಪಿಗೆ ಹಾರಿ ಗೇಟಿನತ್ತ ತಿರುಗಿಸಿದ. ಇಮಾಮಸಾಬ ಅಷ್ಟರಲ್ಲಿ ಗೇಟಿಗೆ ಸರಪಳಿ ಸುತ್ತಿ, ಅದರ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಬೆನ್ನು ಕೊಟ್ಟು ನಿಂತಿದ್ದ. ಅಂಕುಶ ಜೀಪಿನಿಂದ ಜಾಕಿನ ಸರಳು ತೆಗೆದುಕೊಂಡು ಇಳಿದ.

ಮೊದಲ ಏಟು ಭುಜದ ಮೇಲೆ ಬಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು ಚಪ್ಪರದವರೆಗೂ ಕೇಳಿತು. ಇಮಾಮಸಾಬನ ಕನ್ನಡಕ ಹಾರಿ ಹೋಯಿತು. ಅವನು ಕೂತುಬಿಟ್ಟ, ಸರಪಳಿ ಬಿಡಲಿಲ್ಲ. ಅಂಕುಶ ಹೊಡೆಯುತ್ತಲೇ ಇದ್ದ, ಕೆಲಸ ಮಾಡುವವನಂತೆ. ಬೆನ್ನು, ಪಕ್ಕೆ, ಸರಪಳಿ ಸುತ್ತಿದ ಕೈ. "ಬಿಡೋ ಮುದುಕಾ" ಎಂದು ಒಮ್ಮೆ ಹೇಳಿದ. ಇಮಾಮಸಾಬ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು:

"ಗೇಟ್ ನಂದೈತಿ ಬೇಟಾ. ನಾ ತಗದ್ರ ಮಾತ್ರ ತಗೀತೈತಿ."

ಚಪ್ಪರದಿಂದ ಅಡುಗೆಮನೆಗೆ ನುಗ್ಗಿದ್ದ ಮಾಲವ್ವ ಅಲ್ಲಿಂದ ಓಡಿಬಂದಳು. ಪ್ರವಾಸಿಗರಿಗೆಂದು ಕುದಿಯುತ್ತಿದ್ದ ಚಹಾದ ದೊಡ್ಡ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದಿದ್ದಳು. ಪೂರ್ತಿ ಅವನ ಬೆನ್ನಿಗೆ ಹೊಯ್ದಳು. ಅವನು ಅರಚುತ್ತ ತಿರುಗಿ ಸರಳು ಬೀಸಿದ. ಅವಳ ದವಡೆಗೆ ತಾಗಿ ಎರಡು ಹಲ್ಲು ಹೋದವು. ಅಷ್ಟರಲ್ಲಿ ನದಿಯಲ್ಲಿ ಗೆಸ್ಟುಗಳ ರಾಫ್ಟು ನಡೆಸುವ ಹುಡುಗರು, ಬೇರೆ ಡ್ರೈವರುಗಳು ಬಂದು ಅವನನ್ನು ನೆಲಕ್ಕೆ ಹಾಕಿದರು. ಹಾಕಿದವರು ಬಿಡಲಿಲ್ಲ. ರಾಫ್ಟಿನ ಹುಟ್ಟಿನ ಹಿಡಿಯಿಂದ ಬಡಿದು, ಕಾಲಿನಿಂದ ತುಳಿಯತೊಡಗಿದರು. ಅವನ ಬಾಯಿಂದ ರಕ್ತ ಬಂತು. ನಾನು ಬೇಡ ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನಿಲ್ಲಿಸಿದವಳು ಮಾಲವ್ವ. ಬಾಯಿತುಂಬ ರಕ್ತ ಇಟ್ಟುಕೊಂಡು, ಅವನಿಗೂ ಅವನ ವಂಶಕ್ಕೂ ಬೈಯುತ್ತಲೇ, ಹುಡುಗರನ್ನು ಮೊಣಕೈಯಿಂದ ಸರಿಸಿ, ಸುಟ್ಟ ಅವನ ಬೆನ್ನಿಗೆ ಒಂದು ಬಕೆಟ್ ತಣ್ಣೀರು ಹೊಯ್ದಳು. ಮತ್ತೊಂದು ತರಲು ಹೋದಳು. ಅವಳ ಸ್ವಂತ ಅಂಗೈಗಳ ಚರ್ಮ ಪಾತ್ರೆಯ ಅಂಚಿಗೆ ಅಂಟಿ ಉಳಿದಿತ್ತು.

ನೇಪಾಳದ ಅಡುಗೆಭಟ್ಟ ಇಮಾಮಸಾಬನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಾರಿಬಿದ್ದ ಕನ್ನಡಕವನ್ನು ಹುಡುಕಿ ತನ್ನ ಅಂಗಿಯಿಂದ ಒರೆಸುತ್ತಿದ್ದ. ಒಂದು ಗಾಜು ಒಡೆದಿತ್ತು. ಆದರೂ ಒರೆಸುತ್ತಿದ್ದ.

ಆಗ ಎಲ್ಲರ ಫೋನೂ ಸದ್ದು ಮಾಡಿದವು. ನೆಲದ ಮೇಲೆ ಬೋರಲು ಬಿದ್ದಿದ್ದ ಅಂಕುಶನ ಜೇಬಿನಲ್ಲಿ ಹನಿ ಬಿತ್ತು.

ಜ್ಯೂಲಿ ಬರೆದಿದ್ದಳು. 'ರುಕ್ಮಾ ನನ್ನ ಜೊತೆ ಇದ್ದಾಳೆ. ಟೆಂಪೊದಲ್ಲಿ. ಆಸ್ಪತ್ರೆಗೆ ಈಗ. ಉಸಿರು ಇದೆ.' ಯಾರು, ಎಲ್ಲಿ, ಯಾವಾಗ, ಏನು. ನಾನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಇಮಾಮಸಾಬ ಆಗ ಕೈಯಿಂದ ಸರಪಳಿ ಬಿಚ್ಚಿಕೊಂಡ.

ಜ್ಯೂಲಿ ಮೂರು ಏಟಿಗೆ ಕೊಂಡಿ ಕಿತ್ತಿದ್ದಳಂತೆ. ಒಳಗೆ ರುಕ್ಮಾ ಕಟ್ಟಿಗೆಯ ರಾಶಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ನೆತ್ತಿ ಸೀಳಿತ್ತು, ಬಲಗೈ ಎರಡು ಕಡೆ ಮುರಿದಿತ್ತು, ಗಾಯಕ್ಕೆ ಇರುವೆ ಮುತ್ತಿದ್ದವು. ಜ್ಯೂಲಿ ಹೆಗಲ ಮೇಲಿನ ಚಾದರದಲ್ಲಿ ಅವಳನ್ನು ಸುತ್ತಿ ಎತ್ತಿಕೊಂಡು ಬಂದಳು. ಶಿವಲಿಂಗ ಹಾರನ್ ಬಾರಿಸುತ್ತ, ಕುಲುಕದಂತೆ ಗುಂಡಿ ತಪ್ಪಿಸುತ್ತ ದಾಂಡೇಲಿಯ ಆಸ್ಪತ್ರೆಗೆ ಓಡಿಸಿದ. ಅಲ್ಲಿಂದ ಹಳಿಯಾಳದ ಮೇಲೆ ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಜ್ಯೂಲಿ ಅವಳ ಕಾಲುಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರುಕ್ಮಾಳಿಗೆ ಅದಾವುದೂ ನೆನಪಿಲ್ಲ. ಯಾರೋ ಅಂಗಾಲು ಉಜ್ಜುತ್ತಿದ್ದರು ಎಂಬುದು ಮಾತ್ರ ನೆನಪಿದೆ.

ಪೊಲೀಸರು ಗುಂಪಿನ ಮೆಸೇಜುಗಳನ್ನು ಓದಿಸಿ, ಕನ್ನಡದಲ್ಲಿ ಹೇಳಿಸಿ ಬರೆದುಕೊಂಡರು. ನಾನು ಒಂದೊಂದೇ ಓದಿದೆ. ಕೂದಲು, ಗೋಡೆ, ಶೂ, ಬೆಲ್ಟು. ಬರೆದುಕೊಳ್ಳುತ್ತಿದ್ದ ತರುಣ ಅಧಿಕಾರಿ ನಡುವೆ ಪೆನ್ನು ನಿಲ್ಲಿಸಿ, ಪ್ರತಿಯೊಂದರ ಕೆಳಗೂ ಹೂವು ಯಾಕಿದೆ ಎಂದು ಕೇಳಿದ.

"ಅವನು ಬರೆಯೋದು ನಿಲ್ಲಿಸಬಾರದಿತ್ತು" ಎಂದೆ.

ಅವನು ನನ್ನ ಕುರ್ಚಿಯ ಕಡೆಗೆ ಫ್ಯಾನು ತಿರುಗಿಸಿ, ಮುಂದೆ ಓದಿ ಎಂದ.

ಅಂಕುಶ ಈಗ ಜೈಲಿನಲ್ಲಿದ್ದಾನೆ. ಕೇಸು ನಡೆಯುತ್ತಿದೆ. ವಕೀಲರು ಅವನ ಪರವಾಗಿ ಕನ್ನಡದಲ್ಲಿ ಬಾಗಿಲಿನ ಕಥೆಯನ್ನು ಹೇಳುತ್ತಿದ್ದಾರೆ.

ಗುಂಪಿನಿಂದ ಅವನ ಹೆಸರು ತೆಗೆದೆ. ಉಳಿದವರು ಬರೆಯುವುದನ್ನು ಬಿಟ್ಟಿದ್ದರು. ಮಳೆಗಾಲ ಹಿಡಿದು ರೆಸಾರ್ಟು ಮುಚ್ಚಿತ್ತು. ಒಂದು ಸಂಜೆ ನೀರಿನ ಹನಿ ಬಿದ್ದಂಥ ಸದ್ದಾಯಿತು. ಆ ಸದ್ದನ್ನು ನಾನೂ ಜ್ಯೂಲಿಯಿಂದ ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ.

ರುಕ್ಮಾ ಎಡಗೈಯಲ್ಲಿ ಬರೆದಿದ್ದಳು. ಬಲಗೈಯ ಬೆರಳುಗಳು ಇನ್ನೂ ಮಡಚುತ್ತಿರಲಿಲ್ಲ. 'ನಾನು ಜ್ಯೂಲಿ ಮನೆಯಲ್ಲಿ ಇದ್ದೇನೆ. ಇವತ್ತು ಚಹಾ ಮಾಡಿದೆ. ನಾನೇ ಮೊದಲು ಕುಡಿದೆ.'

ಹಳೆಯ ಅಭ್ಯಾಸದಿಂದ ನಾನು ಪ್ರಶ್ನೆಯೊಂದನ್ನು ಬರೆಯತೊಡಗಿದೆ. ಅಷ್ಟರಲ್ಲಿ ಅವಳ ಎರಡನೆಯ ಮೆಸೇಜು ಬಂತು. 'ಪ್ರಶ್ನೆ ಬೇಡ.'

ಬರೆದದ್ದನ್ನು ಅಳಿಸಿದೆ. ಹೂವಿನ ಚಿತ್ರದ ಕಡೆ ಬೆರಳು ಹೋಗಲಿಲ್ಲ. ಆ ಹೂವನ್ನು ಆಮೇಲೆ ಯಾರಿಗೂ ಹಾಕಿಲ್ಲ, ಹಾಕಲಾರೆ. ಸ್ವಲ್ಪ ಹೊತ್ತಿನ ಮೇಲೆ ಮಾಲವ್ವ ಬರೆದಳು, ವಾಕ್ಯದಲ್ಲಿ ನಾಲ್ಕು ತಪ್ಪಿಟ್ಟುಕೊಂಡು: 'ನಾಳೆ ನಾನು ಬರುತ್ತೇನೆ. ಭಕ್ಕರಿ ತರುತ್ತೇನೆ. ಹಲ್ಲಿಲ್ಲ, ನೀನು ತಿನ್ನು, ನಾನು ನೋಡುತ್ತೇನೆ.' ಅದರ ಹಿಂದೆಯೇ ಇಮಾಮಸಾಬ ಬರೆದ: 'ಸಣ್ಣ ಕೋಳಿಮರಿ ಇದೆ. ನನ್ನ ಮಗಳ ಮನೆಯಲ್ಲಿ. ಬುಟ್ಟಿಯಲ್ಲಿ ತರುತ್ತೇನೆ.'

ರುಕ್ಮಾ ಉತ್ತರ ಬರೆಯುತ್ತಿರುವುದು ಕಾಣುತ್ತಿತ್ತು. ಒಂದು ಕೈಯ ಬೆರಳು, ನಿಧಾನ. ಅವಸರ ಯಾರಿಗೂ ಇರಲಿಲ್ಲ. ಕಾದೆವು.

'ಬಣ್ಣ ಏನು?' ಎಂದು ಬರೆದಿದ್ದಳು.